ಮಂಗಳವಾರದ ಸೆಮಿನಾರು, ಹದಿನೆಂಟು ದಿನಗಳ ಮೌನ

ಕೆಸರಿನ ವಾಸನೆಗೆ ಮೂಗು ಮುಚ್ಚುವವರು ಈ ಕೆಲಸಕ್ಕೆ ಹೋಗಬಾರದು. ಹೋದರೂ ಮೂರು ತಿಂಗಳಲ್ಲಿ ಮೂಗೇ ಸೋತು ಸುಮ್ಮನಾಗುತ್ತದೆ.

ಹೋದ ತಿಂಗಳು ಪಕ್ಕದ ಮನೆಯ ಅಕ್ಷತಾ ಬಂದಿದ್ದಳು. ಕೆಮಿಸ್ಟ್ರಿಯಲ್ಲಿ ಬಿಎಸ್ಸಿ ಮುಗಿಸಿದ್ದಾಳೆ. ಅಬುಧಾಬಿಯ ಯಾವುದೋ ಲ್ಯಾಬಿನಲ್ಲಿ ಟೆಕ್ನಿಶಿಯನ್ ಕೆಲಸ ಸಿಕ್ಕಿದೆ. “ಸುಲೋಚನಕ್ಕ, ಅಲ್ಲಿ ಎಂತ ಮಾಡ್ಲಿಕ್ಕುಂಟು? ನೀವು ಅಷ್ಟು ವರ್ಷ ಇದ್ರಲ್ಲ, ಸ್ವಲ್ಪ ಹೇಳಿ,” ಎಂದಳು. ಒಂದು ಲೋಟ ಚಾ ಮುಗಿಯುವಷ್ಟರಲ್ಲಿ ಹೇಳಬಹುದಾದದ್ದನ್ನು ಹೇಳಿದೆ. ಬಿಸಿಲಿಗೆ ತಲೆಗೆ ಬಟ್ಟೆ ಕಟ್ಟು, ಪಾಸ್‌ಪೋರ್ಟಿನ ಜೆರಾಕ್ಸ್ ಇಟ್ಟುಕೋ, ಊಟ ತಪ್ಪಿಸಬೇಡ. ಅವಳು ಗೇಟು ದಾಟಿದ ಮೇಲೆ, ಹೇಳಬೇಕಾದದ್ದನ್ನು ಹೇಳಲೇ ಇಲ್ಲವಲ್ಲ ಅನ್ನಿಸಿತು. ಅದಕ್ಕೇ ಬರೆಯಲು ಕೂತಿದ್ದೇನೆ.

ನಾನು ಉಡುಪಿಯ ಒಂದು ಕಾಲೇಜಿನಲ್ಲಿ ಇಪ್ಪತ್ತು ವರ್ಷಕ್ಕೂ ಮೇಲೆ ಲ್ಯಾಬ್ ಅಸಿಸ್ಟೆಂಟ್ ಆಗಿದ್ದವಳು. ಮದುವೆ ಆಗಲಿಲ್ಲ. ಅಮ್ಮ ತೀರಿಕೊಂಡ ಮೇಲೆ ಅಣ್ಣನ ಮನೆಯಲ್ಲಿ ನನಗೆ ಒಂದು ಕೋಣೆ ಇತ್ತು, ಆದರೆ ಆ ಕೋಣೆಯಿಂದ ಹೊರಗೆ ಬರಲು ಕಾರಣ ಇರಲಿಲ್ಲ. ಎರಡು ಸಾವಿರದ ಹತ್ತರ ಆಸುಪಾಸಿನಲ್ಲಿ, ಪರಿಚಯದವರೊಬ್ಬರ ಮೂಲಕ ಅಬುಧಾಬಿಯ ಒಂದು ವಿಶ್ವವಿದ್ಯಾಲಯದಲ್ಲಿ ಟೆಕ್ನಿಶಿಯನ್ ಬೇಕಾಗಿದ್ದಾರೆ ಎಂದು ಗೊತ್ತಾಯಿತು. ಆಗ ನನಗೆ ಐವತ್ತಕ್ಕೆ ಒಂದೆರಡು ವರ್ಷ ಬಾಕಿ. ಆ ವಯಸ್ಸಿನಲ್ಲಿ ಎಲ್ಲರೂ ಗಲ್ಫಿನಿಂದ ವಾಪಸು ಬರುತ್ತಾರೆ, ನಾನು ಹೊರಟೆ.

ನಮ್ಮ ಲ್ಯಾಬಿನ ಮುಖ್ಯಸ್ಥರು ಡಾ. ಇದ್ರಿಸ್. ಸುಡಾನಿನವರು, ಎತ್ತರದ ಆಳು, ಮಾತು ಬಹಳ ನಿಧಾನ. ಸಮುದ್ರದ ಹಿನ್ನೀರಿನಲ್ಲಿ ಬೆಳೆಯುವ ಕಾಂಡ್ಲಾ ಕಾಡುಗಳ ಮೇಲೆ ಅವರ ಸಂಶೋಧನೆ. ಮರಳುಗಾಡಿನ ದೇಶದಲ್ಲಿ ಕಾಂಡ್ಲಾ ಇದೆ ಎಂದು ನನಗೆ ಗೊತ್ತೇ ಇರಲಿಲ್ಲ. ಮೊದಲ ಸಲ ಫೀಲ್ಡಿಗೆ ಹೋದಾಗ, ಕೆಸರಿನಿಂದ ಪೆನ್ಸಿಲ್ ನೆಟ್ಟಂತೆ ಮೇಲೆದ್ದಿದ್ದ ಉಸಿರು ಬೇರುಗಳನ್ನು ನೋಡಿ ನಾನು “ಅಯ್ಯೋ, ಇದು ನಮ್ಮ ಹೊಳೆಬದಿಯದ್ದೇ!” ಎಂದು ಕೂಗಿದೆ. ಗಾಡಿ ಓಡಿಸುತ್ತಿದ್ದ ಉಳ್ಳಾಲದ ಹಮೀದ್ ನಕ್ಕ. “ಅಕ್ಕ, ಮರ ನಮ್ಮದೇ. ನೆರಳು ಮಾತ್ರ ಇಲ್ಲಿ ಸಿಕ್ಕುದಿಲ್ಲ.” ಮರಗಳು ಅಲ್ಲಿ ಕುಳ್ಳಗೆ ಬೆಳೆಯುತ್ತವೆ, ಅವನು ಹೇಳಿದ್ದು ನಿಜವೇ ಆಗಿತ್ತು.

ನನ್ನ ಕೆಲಸ ಇಷ್ಟು. ವಿದ್ಯಾರ್ಥಿಗಳು ಕೊಳವೆ ಒತ್ತಿ ತೆಗೆದ ಕೆಸರನ್ನು ಕತ್ತರಿಸುವುದು, ಒಣಗಿಸುವುದು, ಪುಡಿ ಮಾಡುವುದು, ತೂಗುವುದು, ಸುಡುವುದು, ಮತ್ತೆ ತೂಗುವುದು. ಹೇಳಿದರೆ ಅಡುಗೆ ಮನೆಯ ಕೆಲಸದಂತೆ ಕೇಳಿಸುತ್ತದೆ. ಒಂದು ಚೀಟಿ ಅದಲುಬದಲಾದರೆ ಒಬ್ಬರ ಎರಡು ವರ್ಷದ ಓದು ಹಾಳು.

ಅದನ್ನು ನಾನು ಸೇರಿದ ವರ್ಷವೇ ಕಲಿತೆ. ಒಂದು ಟ್ರೇ ಮಾದರಿಗಳಿಗೆ ಮಾರ್ಕರ್ ಪೆನ್ನಿನಲ್ಲಿ ಚೆಂದಕ್ಕೆ ನಂಬರು ಬರೆದಿದ್ದೆ. ಎಲೆಯ ಹಸಿರು ತೆಗೆಯಲು ಅಸಿಟೋನ್ ಹಾಕುವಾಗ ಕೈ ಒದ್ದೆಯಾಗಿ, ಎತ್ತಿ ಇಟ್ಟ ಒಂದೊಂದು ಟ್ಯೂಬಿನ ನಂಬರೂ ನನ್ನ ಬೆರಳಿಗೆ ಬಂತು. ಮೂವತ್ತೆರಡು ಟ್ಯೂಬು, ಯಾವುದು ಯಾವುದೆಂದು ದೇವರಿಗೂ ಗೊತ್ತಿಲ್ಲ. ಡಾ. ಇದ್ರಿಸ್ ಬಂದು ನೋಡಿದರು. ಬೈಯಲಿಲ್ಲ. ಕೋಟಿನ ಕಿಸೆಯಿಂದ ಒಂದು ಮೊಂಡು ಪೆನ್ಸಿಲ್ ತೆಗೆದು ಮೇಜಿನ ಮೇಲಿಟ್ಟು ಹೋದರು. ಪೆನ್ಸಿಲ್ ಬರಹವನ್ನು ಅಸಿಟೋನ್ ಕರಗಿಸುವುದಿಲ್ಲ. ಆಮೇಲೆ ಬಾರ್‌ಕೋಡ್ ಸ್ಟಿಕ್ಕರುಗಳು ಬಂದವು, ಸ್ಕ್ಯಾನ್ ಮಾಡುವ ಯಂತ್ರ ಬಂತು. ಆದರೂ ನಾನು ಸ್ಟಿಕ್ಕರಿನ ಕೆಳಗೆ ಪೆನ್ಸಿಲ್ಲಿನಲ್ಲಿ ಬರೆಯುವುದನ್ನು ಬಿಡಲಿಲ್ಲ.

ಅಬುಧಾಬಿಯ ಎಲೆಕ್ಟ್ರಾ ಸ್ಟ್ರೀಟಿನ ಹಿಂದಿನ ಕಟ್ಟಡದಲ್ಲಿ ನಾಲ್ವರು ಹೆಂಗಸರು ಸೇರಿ ಒಂದು ಫ್ಲ್ಯಾಟ್ ಹಿಡಿದಿದ್ದೆವು. ಇಬ್ಬರು ಫಿಲಿಪೀನ್ಸಿನವರು, ಒಬ್ಬಳು ಕೇರಳದ ನರ್ಸ್, ನಾನು. ಎಲ್ಲರ ಡ್ಯೂಟಿ ಬೇರೆ ಬೇರೆ ಹೊತ್ತಿಗೆ. ಫ್ರಿಜ್ಜಿನಲ್ಲಿ ನಾಲ್ಕು ಜನರ ಡಬ್ಬಿಗಳು ಒಟ್ಟಿಗೆ ಇರುತ್ತಿದ್ದವು, ನಾವು ಒಟ್ಟಿಗೆ ಇದ್ದದ್ದು ಕಡಿಮೆ. ಫೀಲ್ಡಿಗೆ ಹೋಗದ ವಾರಗಳಲ್ಲಿ ಹಮೀದನೂ ಸಿಗುತ್ತಿರಲಿಲ್ಲ. ಭಾನುವಾರದಿಂದ ಗುರುವಾರದವರೆಗೆ “ಗುಡ್ ಮಾರ್ನಿಂಗ್”, “ಯೆಸ್ ಡಾಕ್ಟರ್” ಬಿಟ್ಟರೆ ಬೇರೆ ಮಾತಿಲ್ಲದೆ ಕಳೆದ ವಾರಗಳು ಎಷ್ಟೋ. ಶುಕ್ರವಾರ ರಜೆ. ಬಟ್ಟೆ ಒಗೆದು, ಬಾಲ್ಕನಿಯಲ್ಲಿ ನಿಂತು, ಕೆಳಗೆ ಮೊಬೈಲ್ ಅಂಗಡಿಗಳ ಮುಂದೆ ಗುಂಪು ಕಟ್ಟಿ ನಿಂತವರನ್ನು ನೋಡುತ್ತಿದ್ದೆ. ಅವರಿಗೆಲ್ಲ ಮಾತಾಡಲು ಯಾರೋ ಇದ್ದರು.

ಹಾಗಾಗಿ ನನಗೆ ವಾರ ಎಂದರೆ ಮಂಗಳವಾರ. ಆ ದಿನ ಸಂಜೆ ನಾಲ್ಕಕ್ಕೆ ಪದವಿ ಮುಗಿಸಿ ಮುಂದೆ ಓದುತ್ತಿದ್ದವರ ಸೆಮಿನಾರು ನಡೆಯುತ್ತಿತ್ತು. ಅದರ ವಿಷಯ ಪರಿಸರ ವ್ಯವಸ್ಥೆ, ಎಂದರೆ ಮಣ್ಣು, ನೀರು, ಗಾಳಿ, ಜೀವ ಒಂದಕ್ಕೊಂದು ಏನು ಕೊಡುತ್ತವೆ, ಏನು ತೆಗೆದುಕೊಳ್ಳುತ್ತವೆ ಎಂಬುದು. ವಾರಕ್ಕೊಬ್ಬರು ತಮ್ಮ ಕೆಲಸವನ್ನು ಪರದೆಯ ಮೇಲೆ ತೋರಿಸಿ ವಿವರಿಸಬೇಕು, ಉಳಿದವರು ಪ್ರಶ್ನೆ ಕೇಳಬೇಕು. ಮೊದಮೊದಲು ನಾನು ಅಲ್ಲಿ ಪ್ರೊಜೆಕ್ಟರ್ ಹಚ್ಚಿ, ದೀಪ ಆರಿಸಿ, ಕರಕ್ ಎಂಬ ಗಟ್ಟಿ ಹಾಲಿನ ಚಾದ ಫ್ಲಾಸ್ಕ್ ಇಟ್ಟು ಹೊರಗೆ ಬರುತ್ತಿದ್ದೆ. ಒಂದು ದಿನ ಡಾ. ಇದ್ರಿಸ್ ಬಾಗಿಲಲ್ಲಿ ತಡೆದರು. “ಈ ಕೆಸರನ್ನು ಈ ಕೋಣೆಯಲ್ಲಿ ಎಲ್ಲರಿಗಿಂತ ಹೆಚ್ಚು ಮುಟ್ಟಿದವರು ನೀವು. ಕೂತುಕೊಳ್ಳಿ,” ಎಂದರು. ಕೂತವರಿಗೆ ಅವರದ್ದೊಂದು ನಿಯಮವಿತ್ತು: ಸೆಮಿಸ್ಟರಿಗೆ ಒಂದಾದರೂ ಪ್ರಶ್ನೆ ಕೇಳಲೇಬೇಕು. “ನೀವೂ,” ಎಂದರು.

ಅರ್ಧ ವರ್ಷ ನಾನು ಬಾಯಿ ಬಿಡಲಿಲ್ಲ. ಇಂಗ್ಲಿಷ್ ಅರ್ಥವಾಗುತ್ತಿತ್ತು, ಆಡಲು ನಾಚಿಕೆ. ಒಂದು ನೋಟ್‌ಬುಕ್ಕಿನಲ್ಲಿ ಹೊಸ ಶಬ್ದಗಳನ್ನು ಬರೆದುಕೊಂಡು ಮನೆಗೆ ಹೋಗಿ ಅರ್ಥ ಹುಡುಕುತ್ತಿದ್ದೆ. ಕೆಸರೂ ಉಸಿರಾಡುತ್ತದೆ, ಆ ಉಸಿರನ್ನು ಅಳೆಯಬಹುದು ಎಂದು ತಿಳಿದ ದಿನ ಬಹಳ ಹೊತ್ತು ಹಾಗೇ ಕೂತಿದ್ದೆ. ಸೆಮಿಸ್ಟರಿನ ಕೊನೆಯ ಮಂಗಳವಾರ ಜೋರ್ಡಾನಿನ ಒಬ್ಬ ಹುಡುಗ, ಮರದ ಕೆಳಗೆ ಬಲೆ ಕಟ್ಟಿ ಉದುರಿದ ಎಲೆಗಳನ್ನು ತೂಗಿದ ಲೆಕ್ಕ ತೋರಿಸಿದ. ಡಾ. ಇದ್ರಿಸ್ ನನ್ನ ಕಡೆಗೇ ನೋಡುತ್ತಿದ್ದರು. ನಾನು ಎದ್ದು ನಿಂತೆ, ಶಾಲೆಯ ಮಕ್ಕಳ ಹಾಗೆ. “ಒಂಟೆ ತಿಂದದ್ದು?” ಎಂದೆ. ಎಲ್ಲರೂ ಗೊಳ್ಳೆಂದು ನಕ್ಕರು. ಆದರೆ ಹಮೀದನೂ ನಾನೂ ಕಣ್ಣಾರೆ ಕಂಡಿದ್ದೆವು, ಆ ಜಾಗದಲ್ಲಿ ಒಂಟೆಗಳು ಸಮುದ್ರದ ಇಳಿತದ ಹೊತ್ತಿಗೆ ಬಂದು ಕಾಂಡ್ಲಾ ಎಲೆ ಮೇಯುತ್ತಿದ್ದವು. ನಗು ನಿಂತ ಮೇಲೆ ಡಾ. ಇದ್ರಿಸ್ ಹುಡುಗನನ್ನು ಕೇಳಿದರು, “ಅವರಿಗೆ ಉತ್ತರ?” ಮುಂದಿನ ತಿಂಗಳು ಅವನು ಒಂಟೆ ಬಾರದ ಕಡೆ ಇನ್ನೊಂದು ಸಾಲು ಬಲೆ ಕಟ್ಟಿದ. ಆ ದಿನದಿಂದ ಸೆಮಿನಾರಿನಲ್ಲಿ ನನಗೊಂದು ಕುರ್ಚಿ ಆಯಿತು, ಕಿಟಕಿಯ ಪಕ್ಕದ್ದು.

ಮೇಘನಾ ಬಂದದ್ದು ಇದಾಗಿ ಕೆಲವು ವರ್ಷಗಳ ಮೇಲೆ. ಅವಳ ತಂದೆತಾಯಿ ಮೈಸೂರಿನವರು. ತಂದೆ ದುಬೈ ಸಿಲಿಕಾನ್ ಓಯಸಿಸ್‌ನಲ್ಲಿ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿದ್ದರು. ಅವಳು ಹುಟ್ಟಿ ಬೆಳೆದದ್ದೆಲ್ಲ ದುಬೈಯಲ್ಲೇ. ಎಂಎಸ್ಸಿಗೆ ಅಬುಧಾಬಿಗೆ ಬಂದಿದ್ದಳು, ವಾರದ ದಿನಗಳಲ್ಲಿ ಹಾಸ್ಟೆಲಿನಲ್ಲಿ ಇರುತ್ತಿದ್ದಳು. ನಾನು ಫೋನಿನಲ್ಲಿ ಅತ್ತಿಗೆಯ ಹತ್ತಿರ ಮಾತಾಡುವುದು ಕೇಳಿ ಹತ್ತಿರ ಬಂದಳು.

“ನೀವು ಕನ್ನಡಾನಾ? ಓ ಮೈ ಗಾಡ್! ಆಂಟಿ, ನಾನೂ ಕನ್ನಡ. ಮಾತಾಡ್ತೀನಿ, ಬಟ್ ಓದಕ್ಕೆ ಬರಲ್ಲ.”

“ಕೆಸರು ಮುಟ್ಟಲಿಕ್ಕೆ ಬರ್ತದಾ?” ಎಂದೆ.

“ಅದನ್ನ ನೀವು ಹೇಳ್ಕೊಡ್ತೀರಲ್ವಾ?”

ಹೇಳಿಕೊಟ್ಟೆ. ಕೊಳವೆಯಿಂದ ಕೆಸರನ್ನು ಮುರಿಯದೆ ಹೊರಗೆ ತಳ್ಳುವುದು, ಬೆರಳ ನಡುವೆ ತಿಕ್ಕಿ ಮರಳೆಷ್ಟು ಜೇಡಿಯೆಷ್ಟು ಎಂದು ಅಂದಾಜು ಮಾಡುವುದು, ತಕ್ಕಡಿಯ ಬಾಗಿಲು ಹಾಕಿ ಉಸಿರು ಬಿಗಿಹಿಡಿದು ತೂಗುವುದು. ಮಧ್ಯಾಹ್ನ ಒಂದೇ ಮೇಜಿನಲ್ಲಿ ಊಟ. ನನ್ನ ಕುಚ್ಚಲಕ್ಕಿ ಅನ್ನ ನೋಡಿ “ಇದೇನಾಂಟಿ ಇಷ್ಟು ದಪ್ಪ?” ಎನ್ನುತ್ತಿದ್ದಳು, ಮತ್ತೆ ಅದನ್ನೇ ತಿನ್ನುತ್ತಿದ್ದಳು. ಕನ್ನಡದಲ್ಲಿ ಶುರುಮಾಡಿ ಇಂಗ್ಲಿಷಿನಲ್ಲಿ ಮುಗಿಸುವುದು ಅವಳ ಅಭ್ಯಾಸ. ಹಮೀದ್ ಹೇಳಿದ, “ಅಕ್ಕ, ಈಗ ನೀವು ಗಾಡಿ ಹತ್ತುವ ಮೊದಲೇ ಮಾತು ಶುರುವಾಗ್ತದೆ ಮಾರಾಯ್ರೆ.”

ಅವಳ ಪ್ರಶ್ನೆ ಸರಳವಾಗಿತ್ತು. ಕಾಂಡ್ಲಾ ಮರಗಳು ಎಷ್ಟು ಇಂಗಾಲವನ್ನು ಕೆಸರಿನಲ್ಲಿ ಹೂತಿಡುತ್ತವೆ? ಅದನ್ನು ನೇರವಾಗಿ ಅಳೆಯುವ ಯಂತ್ರ ನಮ್ಮಲ್ಲಿ ಆಗ ಇರಲಿಲ್ಲ. ಹಳೆಯ ವಿಧಾನ ಮಾಡುತ್ತಿದ್ದೆವು. ಒಣಗಿದ ಕೆಸರಿನ ಪುಡಿಯನ್ನು ಸಣ್ಣ ಪಿಂಗಾಣಿ ಬಟ್ಟಲಿನಲ್ಲಿ ತೂಗಿ, ವಿದ್ಯುತ್ ಕುಲುಮೆಯೊಳಗೆ ಇಟ್ಟು ಸುಡುವುದು. ಹದವಾದ ಶಾಖದಲ್ಲಿ ಎಲೆ, ಬೇರುಗಳಿಂದ ಬಂದ ಅಂಶ ಮಾತ್ರ ಉರಿದುಹೋಗುತ್ತದೆ. ಕಡಿಮೆಯಾದ ತೂಕದಿಂದ ಮರ ಕೊಟ್ಟದ್ದು ಎಷ್ಟೆಂದು ಲೆಕ್ಕ ಹಾಕುವುದು. ಇದಕ್ಕೆ ಶಾಖ ಐನೂರು ಡಿಗ್ರಿಯ ಆಸುಪಾಸಿನಲ್ಲಿ ಇರಬೇಕು. ಕುಲುಮೆಯ ಜವಾಬ್ದಾರಿ ನನ್ನದು.

ಆ ವರ್ಷ ನಮ್ಮ ಲ್ಯಾಬು ಕೆಳಗಿನ ಮಹಡಿಯಿಂದ ಮೇಲಿನದಕ್ಕೆ ಬದಲಾಯಿತು. ಸಾಮಾನು ಸಾಗಿಸಿದ ಮೇಲೆ ಪ್ರತಿಯೊಂದು ಯಂತ್ರವನ್ನೂ ಪರೀಕ್ಷಿಸಿ ರಿಜಿಸ್ಟರಿನಲ್ಲಿ ಗುರುತು ಹಾಕಬೇಕು. ತಕ್ಕಡಿ ನೋಡಿದೆ, ಒಲೆಗಳನ್ನು ನೋಡಿದೆ. ಕುಲುಮೆ ಹಚ್ಚಿದೆ, ಮುಂದಿನ ಅಂಕಿ ಐನೂರು ತೋರಿಸಿತು. ಒಳಗಿನ ಶಾಖವನ್ನು ಬೇರೆ ಮಾಪಕ ಇಟ್ಟು ನೋಡಬೇಕಿತ್ತು. ಆ ಮಾಪಕದ ಪೆಟ್ಟಿಗೆ ಎಲ್ಲೋ ಗಂಟುಮೂಟೆಯಡಿ ಸಿಕ್ಕಿಕೊಂಡಿತ್ತು. ನಾಳೆ ನೋಡಿದರಾಯಿತು ಎಂದು ಗುರುತು ಹಾಕಿ ಸಹಿ ಮಾಡಿದೆ. ಆ ನಾಳೆ ಬರಲಿಲ್ಲ.

ನಾಲ್ಕು ತಿಂಗಳು ಮೇಘನಾಳ ಮಾದರಿಗಳನ್ನೆಲ್ಲ ಅದರಲ್ಲೇ ಸುಟ್ಟೆವು. ಅವಳ ಸರದಿಯ ಸೆಮಿನಾರಿನ ದಿನ ಕೋಣೆ ತುಂಬಿತ್ತು. ಅವಳ ಲೆಕ್ಕದ ಪ್ರಕಾರ ನಮ್ಮ ಕುಳ್ಳ ಮರಗಳು ಎಲ್ಲರೂ ಅಂದುಕೊಂಡಿದ್ದಕ್ಕಿಂತ ಬಹಳ ಹೆಚ್ಚು ಇಂಗಾಲ ಹೂಳುತ್ತಿದ್ದವು. ಪ್ರಶ್ನೆಗಳ ಮೇಲೆ ಪ್ರಶ್ನೆಗಳು ಬಂದವು, ಅವಳು ಎಲ್ಲಕ್ಕೂ ಉತ್ತರ ಕೊಟ್ಟಳು. ಕೊನೆಯ ಪುಟದಲ್ಲಿ ಕೆಸರು ಮೆತ್ತಿದ ಗ್ಲೌಸ್ ಹಾಕಿಕೊಂಡು ನಗುತ್ತಿದ್ದ ನನ್ನ ಫೋಟೊ. “ಸುಲೋಚನಾ ಆಂಟಿ ಇಲ್ಲದಿದ್ದರೆ ಇದು ಆಗುತ್ತಿರಲಿಲ್ಲ,” ಎಂದು ಇಂಗ್ಲಿಷಿನಲ್ಲಿ ಹೇಳಿದಳು. ಎಲ್ಲರೂ ತಿರುಗಿ ನೋಡಿ ಚಪ್ಪಾಳೆ ತಟ್ಟಿದರು. ನನಗಾಗಿ ಯಾರಾದರೂ ಚಪ್ಪಾಳೆ ತಟ್ಟಿದ್ದು ಜೀವನದಲ್ಲಿ ಅದೊಂದೇ ಸಲ.

ಮರುದಿನ ಬುಧವಾರ. ಬಟ್ಟಲು ತೊಳೆಯುವವರು ರಜೆಯಲ್ಲಿದ್ದರು, ನಾನೇ ತೊಳೆಯಲು ಕೂತೆ. ಒಂದು ಬಟ್ಟಲಿಗೆ ನಾಲ್ಕು ಹನಿ ನೀರು ಬಿತ್ತು. ಸುಂಯ್ ಎಂದಿತು. ಬಿಳಿ ಬೂದಿ ಉಬ್ಬಿ ಬಿರಿಯಿತು. ಬಟ್ಟಲು ಹಿಡಿದಿದ್ದ ಬೆರಳಿಗೆ ಬಿಸಿ ತಾಗಿತು.

ನಮ್ಮ ಅಮ್ಮ ಹೊಳೆಬದಿಯ ಸುಣ್ಣದ ಗೂಡಿಗೆ ಕೆಲಸಕ್ಕೆ ಹೋಗುತ್ತಿದ್ದವಳು. ಮರ್ವಾಯಿ, ಅಂದರೆ ಕಪ್ಪೆಚಿಪ್ಪುಗಳನ್ನು ಇದ್ದಿಲಿನ ಬೆಂಕಿಯಲ್ಲಿ ಬೇಯಿಸಿ ಸುಣ್ಣ ಮಾಡುವ ಕೆಲಸ. ಬೆಂದಿದೆಯೋ ಇಲ್ಲವೋ ನೋಡಲು ಅವಳು ಒಂದು ಚಿಪ್ಪಿನ ಮೇಲೆ ನೀರು ಚಿಮುಕಿಸುತ್ತಿದ್ದಳು. ಸುಂಯ್ ಎಂದು ಅರಳಿದರೆ ಬೆಂದಿದೆ ಎಂದರ್ಥ. ಸಾಧಾರಣ ಬೆಂಕಿಗೆ ಚಿಪ್ಪು ಬೇಯುವುದಿಲ್ಲ, ತಿದಿ ಒತ್ತಿ ಒತ್ತಿ ಗೂಡು ಬೆಳ್ಳಗೆ ಕಾಯಬೇಕು. ಐನೂರು ಡಿಗ್ರಿಯಲ್ಲಿ ಸುಣ್ಣ ಆಗುವುದು ಸಾಧ್ಯವೇ ಇಲ್ಲ.

ಆ ಕಡಲಿನ ಕೆಸರಿನ ತುಂಬ ಚಿಪ್ಪಿನ ಪುಡಿ. ಕುಲುಮೆ ಮಿತಿ ಮೀರಿ ಕಾದರೆ ಚಿಪ್ಪೂ ತೂಕ ಕಳೆದುಕೊಳ್ಳುತ್ತದೆ. ಚಿಪ್ಪು ಕಳೆದುಕೊಂಡ ತೂಕವನ್ನು ನಾವು ಮರದ ಲೆಕ್ಕಕ್ಕೆ ಸೇರಿಸಿದ್ದೆವು.

ಬಾಗಿಲು ಹಾಕಿಕೊಂಡು, ಅಲ್ಯೂಮಿನಿಯಂ ತಂತಿಯ ಒಂದು ತುಂಡನ್ನು ಬಟ್ಟಲಿನಲ್ಲಿಟ್ಟು ಕುಲುಮೆ ಹಚ್ಚಿದೆ. ಐನೂರರಲ್ಲಿ ಅದು ಕರಗಬಾರದು. ಸಂಜೆ ತೆಗೆದು ನೋಡಿದರೆ ಬಟ್ಟಲಿನ ತಳದಲ್ಲಿ ಒಂದು ಬೆಳ್ಳಿ ಗುಂಡು. ಕುಲುಮೆಯನ್ನು ತಿರುಗಿಸಿ ಹಿಂದೆ ನೋಡಿದೆ. ಶಾಖ ಅಳೆಯುವ ಕಡ್ಡಿ ಸಾಗಿಸುವಾಗ ಸರಿದು ಅರ್ಧ ಹೊರಗೆ ಬಂದಿತ್ತು. ಹೊರಗಿನ ತಂಪನ್ನು ಅಳೆಯುತ್ತ ಅದು ಇನ್ನೂ ಕಾಯಿಸು, ಇನ್ನೂ ಕಾಯಿಸು ಎಂದು ಕುಲುಮೆಗೆ ಹೇಳುತ್ತಿತ್ತು. ಹತ್ತು ನಿಮಿಷದಲ್ಲಿ ಕಾಣುವ ತಪ್ಪು. ರಿಜಿಸ್ಟರು ತೆರೆದೆ. ನನ್ನ ಗುರುತು, ನನ್ನ ಸಹಿ.

ಆ ಕ್ಷಣವೇ ಎದುರಿನ ಕೋಣೆಗೆ ಹೋಗಬೇಕಿತ್ತು. ಡಾ. ಇದ್ರಿಸ್ ಒಳಗಿದ್ದರು, ದೀಪ ಕಾಣುತ್ತಿತ್ತು. ನಾನು ಬಟ್ಟಲನ್ನು ತೊಳೆದು ಒರಸಿ ಇಟ್ಟೆ.

ನನ್ನ ವೀಸಾ ನವೀಕರಣ ಅದೇ ತಿಂಗಳು. ಮೆಡಿಕಲ್ ಆಗಿತ್ತು, ಪಾಸ್‌ಪೋರ್ಟು ವೀಸಾ ಸ್ಟ್ಯಾಂಪಿಂಗಿಗೆಂದು ಆಫೀಸಿಗೆ ಹೋಗಿತ್ತು. ಇಂಥ ತಪ್ಪು ಗೊತ್ತಾದರೆ ಕಾಗದಕ್ಕೆ ಯಾರು ಸಹಿ ಹಾಕುತ್ತಾರೆ? ಊರಿಗೆ ಹೋದರೆ ಅಣ್ಣನ ಮನೆಯ ಆ ಕೋಣೆ. ಇದು ಒಂದು ಭಯ. ಇನ್ನೊಂದನ್ನು ಒಪ್ಪಿಕೊಳ್ಳಲು ವರ್ಷಗಳೇ ಹಿಡಿದವು: ಆ ಹುಡುಗಿ ನನ್ನ ಪಕ್ಕ ಊಟಕ್ಕೆ ಕೂರುವುದು ನಿಂತುಹೋಗುತ್ತದೆ ಎಂಬ ಭಯ.

ಒಂದು ದಿನ ಫೀಲ್ಡಿನಿಂದ ಬರುವಾಗ ಹಮೀದನಿಗೆ ಹೇಳಿದೆ. ಅವನು ಗಾಡಿಯ ವೇಗ ತಗ್ಗಿಸಿದ.

“ಅಕ್ಕ, ನಾನೊಂದು ಹೇಳ್ತೇನೆ, ಬೇಜಾರು ಮಾಡ್ಬೇಡಿ. ಮೊದಲು ಸ್ಟ್ಯಾಂಪಿಂಗ್ ಆಗ್ಲಿ. ಮತ್ತೆ ಹೇಳಿ. ಈಗ ಹೇಳಿದ್ರೆ ಖಲಾಸ್.”

“ಆ ಹುಡುಗಿಗೆ?”

“ಅವಳಿಗೆ ಅಪ್ಪ ಇದ್ದಾರೆ, ಅಮ್ಮ ಇದ್ದಾರೆ. ನಿಮಗೆ ಯಾರುಂಟು?”

ಅವನನ್ನು ನಾನು ದೂರುವುದಿಲ್ಲ. ನನಗೆ ಬೇಕಾದ ಮಾತನ್ನೇ ಅವನು ಆಡಿದ, ಅದಕ್ಕಾಗಿಯೇ ನಾನು ಕೇಳಿದ್ದೆ.

ಆ ನಡುವೆ ಒಂದು ಶುಕ್ರವಾರ ಮೇಘನಾಳ ಮನೆಯಿಂದ ಊಟಕ್ಕೆ ಕರೆ ಬಂತು. ತಪ್ಪಿಸಿಕೊಳ್ಳಲು ನೋಡಿದೆ. “ಅಮ್ಮ ನಿಮಗೋಸ್ಕರಾನೇ ಅಡುಗೆ ಮಾಡ್ತಿದ್ದಾರೆ ಆಂಟಿ, ನೋ ಅನ್ನಂಗಿಲ್ಲ,” ಎಂದಳು. ದುಬೈ ಬಸ್ ಹತ್ತಿದೆ, ಅವಳ ತಂದೆ ಬಸ್ ನಿಲ್ದಾಣಕ್ಕೇ ಕಾರು ತಂದಿದ್ದರು. ಬಿಸಿಬೇಳೆ ಬಾತು, ಕೋಸಂಬರಿ, ಶಾವಿಗೆ ಪಾಯಸ. ಬಾಳೆಲೆ ಎಲ್ಲಿಂದ ತಂದಿದ್ದರೋ.

“ನಮ್ಮವಳು ಮನೆಗೆ ಬಂದ್ರೆ ಬರೀ ನಿಮ್ದೇ ಮಾತು,” ಎಂದರು ಅವಳ ತಾಯಿ, ಪಾಯಸದ ಸೌಟು ಹಿಡಿದು. “ನಿಮ್ಗೆ ಇಲ್ಲಿ ಯಾರೂ ಇಲ್ಲ ಅಂತ ಅಂದ್ಕೋಬೇಡಿ. ಪ್ರತಿ ಶುಕ್ರವಾರ ಬಂದ್ಬಿಡಿ. ಇದೂ ನಿಮ್ಮನೇನೇ.”

ತಂದೆ ಹೇಳಿದರು, “ಇವ್ಳು ಹೊರಗಡೆ ಪಿಎಚ್‌ಡಿಗೆ ಹಾಕ್ತಿದ್ದಾಳೆ ಮೇಡಂ. ಈ ರಿಸಲ್ಟ್ ನೋಡಿ ಅಲ್ಲಿನ ಪ್ರೊಫೆಸರು ಅವರೇ ಮೇಲ್ ಮಾಡಿದಾರಂತೆ.”

“ಭಾನುವಾರ ಕಳಿಸ್ತೀನಿ ಆಂಟಿ, ಅಪ್ಲಿಕೇಶನ್. ವಿಶ್ ಮಿ ಲಕ್,” ಎಂದಳು ಮೇಘನಾ.

ನಾನು “ಒಳ್ಳೇದಾಗ್ಲಿ” ಎಂದೆ. ಇನ್ನೊಂದು ಸೌಟು ಪಾಯಸ ಹಾಕಿಸಿಕೊಂಡೆ. ಬೇಡ ಎನ್ನಲು ಬಾಯಿ ತೆರೆದರೆ ಬೇರೇನೋ ಹೊರಗೆ ಬಂದೀತು ಎಂದು ಹೆದರಿ ಅದನ್ನೂ ತಿಂದೆ.

ಅವಳು ಭಾನುವಾರ ಅರ್ಜಿ ಕಳಿಸಿದಳು. ಆ ವಾರದ ಗುರುವಾರ ನನ್ನ ಪಾಸ್‌ಪೋರ್ಟು ಸ್ಟ್ಯಾಂಪ್ ಆಗಿ ಬಂತು. ಅದರ ಮುಂದಿನ ಭಾನುವಾರ ಬೆಳಿಗ್ಗೆ, ಬಟ್ಟಲಿನಲ್ಲಿ ನೀರು ಸುಂಯ್ ಎಂದ ಹದಿನೆಂಟನೆಯ ದಿನ, ಆ ಬೆಳ್ಳಿ ಗುಂಡನ್ನೂ ರಿಜಿಸ್ಟರನ್ನೂ ಡಾ. ಇದ್ರಿಸ್ ಅವರ ಮೇಜಿನ ಮೇಲಿಟ್ಟು ಎಲ್ಲವನ್ನೂ ಹೇಳಿದೆ. ಎಲ್ಲವನ್ನೂ ಅಂದರೆ ದಿನದ ಲೆಕ್ಕ ಒಂದನ್ನು ಬಿಟ್ಟು.

ಅವರು ರಿಜಿಸ್ಟರನ್ನು ತಿರುವಿ ನೋಡಿದರು. “ಫಲಿತಾಂಶವನ್ನು ಹೇಳಿದ ಕೋಣೆಯಲ್ಲೇ ತಪ್ಪನ್ನೂ ಹೇಳಬೇಕು. ನಾಡಿದ್ದು ಮಂಗಳವಾರ ನೀವು ಮಾತಾಡಿ. ಆದರೆ ಅದಕ್ಕೆ ಮೊದಲು ಆ ಹುಡುಗಿಗೆ ಹೇಳಿ,” ಎಂದರು.

ಮೇಘನಾ ಅಂದು ದುಬೈಯಲ್ಲಿದ್ದಳು. ಫೋನು ಮಾಡಿದೆ. ಮೊದಲು ಅವಳಿಗೆ ಅರ್ಥವಾಗಲಿಲ್ಲ, ಅರ್ಥವಾದ ಮೇಲೆ ಅಳತೊಡಗಿದಳು. ಆಮೇಲೆ ಮೂಗು ಎಳೆದುಕೊಂಡು ಹೇಳಿದಳು, “ಪರ್ವಾಗಿಲ್ಲ ಆಂಟಿ. ಮಷೀನ್ ಅಲ್ವಾ. ಗೊತ್ತಾದ ತಕ್ಷಣ ಹೇಳಿದ್ರಲ್ಲ, ಥ್ಯಾಂಕ್ಸ್. ನೀವು ಟೆನ್ಶನ್ ಮಾಡ್ಕೋಬೇಡಿ, ಬಿಪಿ ಇದೆ ನಿಮ್ಗೆ.”

ಅಲ್ಲಿ ನನಗೆ ಇನ್ನೊಂದು ಅವಕಾಶ ಇತ್ತು. ನಾನು “ಹ್ಞೂಂ” ಎಂದೆ.

ಮಂಗಳವಾರ ಮೊದಲ ಸಲ ನಾನು ಪರದೆಯ ಮುಂದೆ ನಿಂತೆ. ಪರದೆಯ ಮೇಲೆ ತೋರಿಸಲು ನನ್ನಲ್ಲಿ ಏನೂ ಇರಲಿಲ್ಲ. ಎರಡು ಬಟ್ಟಲು, ಒಂದು ಲೋಟ ನೀರು, ಕರಗದ ತಂತಿ, ಕರಗಿದ ತಂತಿ. ನನಗೆ ಬಂದಷ್ಟು ಇಂಗ್ಲಿಷಿನಲ್ಲಿ ಹೇಳಿದೆ. ಸರಿಯಾಗಿ ಸುಟ್ಟ ಬೂದಿಗೆ ನೀರು ಹಾಕಿದೆ, ಸುಮ್ಮನೆ ನೆನೆಯಿತು. ಇನ್ನೊಂದಕ್ಕೆ ಹಾಕಿದೆ. ಸುಂಯ್ ಸದ್ದು ಹಿಂದಿನ ಸಾಲಿಗೂ ಕೇಳಿತು. “ಪರೀಕ್ಷೆ ಮಾಡದೆ ಗುರುತು ಹಾಕಿದ್ದು ನಾನು,” ಎಂದೆ. ಡಾ. ಇದ್ರಿಸ್ ಕೂತಲ್ಲಿಂದಲೇ ಹೇಳಿದರು, “ಅದರ ಕೆಳಗೆ ನೋಡದೆ ಸಹಿ ಹಾಕಿದ್ದು ನಾನು. ಅದನ್ನೂ ಬರೆದುಕೊಳ್ಳಿ.”

ಮೇಘನಾ ಮುಂದಿನ ಸಾಲಿನಲ್ಲಿ ನೋಟ್‌ಬುಕ್ ತೆರೆದು ಕೂತಿದ್ದಳು. ಕಣ್ಣು ಊದಿತ್ತು, ಆದರೂ ನನಗೆ ಧೈರ್ಯ ಕೊಡುವವಳಂತೆ ತಲೆಯಾಡಿಸುತ್ತಿದ್ದಳು. ಪ್ರಶ್ನೆಗಳ ಹೊತ್ತಿಗೆ ಅವಳೇ ಮೊದಲು ಕೈ ಎತ್ತಿದಳು. “ಯಾವ ತಾರೀಖು ಇದು ಗೊತ್ತಾದದ್ದು? ಥೀಸಿಸ್‌ನಲ್ಲಿ ಬರೆಯಬೇಕು, ಯಾವ ಬ್ಯಾಚಿನವರೆಗೆ ತಪ್ಪು ಎಂದು.”

ಅವಳಿಗೆ ಲೆಕ್ಕ ಸರಿ ಇರಬೇಕಿತ್ತು, ಅಷ್ಟೇ. ಅದನ್ನು ನಾನೇ ಕಲಿಸಿದ್ದೆ. ಮೊನ್ನೆ ಭಾನುವಾರ ಎಂದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ಆ ಕೋಣೆಯಲ್ಲಿ, ಆ ಎರಡು ಬಟ್ಟಲುಗಳನ್ನು ಮುಂದಿಟ್ಟುಕೊಂಡು, ಇನ್ನೊಂದು ಸುಳ್ಳು ಬಾಯಿಗೆ ಬರಲಿಲ್ಲ. ನಿಜವಾದ ತಾರೀಖು ಹೇಳಿದೆ. ಅವಳ ಸೆಮಿನಾರಿನ ಮರುದಿನದ್ದು.

ಅವಳು ಬರೆಯತೊಡಗಿದಳು. ಪೆನ್ನು ನಿಂತಿತು. ತಲೆ ಎತ್ತಲಿಲ್ಲ. ನಾನು ನೋಡುತ್ತಿದ್ದಂತೆ ಅವಳು ದಿನಗಳನ್ನು ಹಿಂದಕ್ಕೆ ಎಣಿಸುತ್ತಿದ್ದಳು, ಅರ್ಜಿ ಕಳಿಸಿದ ಭಾನುವಾರ, ಅದರ ಹಿಂದಿನ ಊಟದ ಶುಕ್ರವಾರ. ಆಮೇಲೆ ತಾರೀಖನ್ನು ಪೂರ್ತಿ ಬರೆದು, ಅದರ ಕೆಳಗೆ ಗೆರೆ ಎಳೆದು, “ಥ್ಯಾಂಕ್ ಯೂ,” ಎಂದಳು.

ಉಳಿದದ್ದು ಬೇಗ ಹೇಳಿಬಿಡುತ್ತೇನೆ. ಪ್ರತಿ ಮಾದರಿಯ ಅರ್ಧ ಪುಡಿಯನ್ನು ಎತ್ತಿಟ್ಟಿದ್ದೆವು. ಅವಳು ಎಲ್ಲವನ್ನೂ ಮತ್ತೆ ಸುಟ್ಟಳು, ಒಬ್ಬಳೇ. ಬಟ್ಟಲುಗಳನ್ನು ತಾನೇ ತೊಳೆದಳು, ಕುಲುಮೆಯ ಕಡ್ಡಿಯನ್ನು ತಾನೇ ನೋಡಿದಳು, ಪ್ರತಿ ಸಲ ಒಳಗೆ ಒಂದು ತುಂಡು ತಂತಿ ಇಟ್ಟಳು. ಎರಡು ತಿಂಗಳು ನಾವಿಬ್ಬರೂ ಒಂದೇ ಕೋಣೆಯಲ್ಲಿ ಕೆಲಸ ಮಾಡಿದೆವು. ದಾರಿಗೆ ಅಡ್ಡ ಬಂದರೆ “ಎಕ್ಸ್‌ಕ್ಯೂಸ್ ಮಿ, ಮಿಸ್ ಸುಲೋಚನಾ,” ಎನ್ನುತ್ತಿದ್ದಳು. ಒರಟಾಗಿ ಒಂದು ಮಾತೂ ಆಡಲಿಲ್ಲ. ಮಧ್ಯಾಹ್ನ ಅವಳು ಹಾಸ್ಟೆಲಿಗೆ ಹೋಗಿ ಊಟ ಮಾಡುತ್ತಿದ್ದಳು. ಸರಿಯಾದ ಲೆಕ್ಕ ಮೊದಲಿನದಕ್ಕಿಂತ ಬಹಳ ಕಡಿಮೆ ಬಂತು. ಹೊರದೇಶದ ಪ್ರೊಫೆಸರಿಗೆ ಅವಳೇ ಬರೆದು ತಿಳಿಸಿದಳು. ಆ ವರ್ಷದ ಸೀಟು ಬೇರೆಯವರಿಗೆ ಹೋಯಿತು. ಎಂಎಸ್ಸಿ ಮುಗಿಸಿ ದುಬೈಗೆ ಹೊರಟುಹೋದಳು. ಹೋಗುವಾಗ ಎಲ್ಲರಿಗೂ ಖರ್ಜೂರದ ಡಬ್ಬಿ ಕೊಟ್ಟಳು. ನನಗೂ ಕೊಟ್ಟಳು.

ನನ್ನನ್ನು ಕೆಲಸದಿಂದ ತೆಗೆಯಲಿಲ್ಲ. ಸ್ಟ್ಯಾಂಪಿಂಗಿಗೆ ಮೊದಲೇ ಹೇಳಿದ್ದರೂ ತೆಗೆಯುತ್ತಿರಲಿಲ್ಲ ಎಂದು ಡಾ. ಇದ್ರಿಸ್ ನಿವೃತ್ತರಾಗಿ ಹೊರಡುವ ದಿನ ಹೇಳಿದರು. ಅದನ್ನು ಅವರು ಹೇಳದಿದ್ದರೆ ಚೆನ್ನಾಗಿತ್ತು. ಅವರ ನಂತರ ಬಂದವರು ಇಂಗಾಲ ಅಳೆಯುವ ಹೊಸ ಯಂತ್ರ ತರಿಸಿದರು. ಚಿಟಿಕೆ ಪುಡಿ ಸಾಕು, ಕೆಲವೇ ನಿಮಿಷದಲ್ಲಿ ಅಂಕಿ ಬರುತ್ತದೆ. ಸೆಮಿನಾರು ಕಂಪ್ಯೂಟರಿನಲ್ಲೂ ನೋಡಬಹುದಾಯಿತು, ಕುರ್ಚಿಗಳು ಖಾಲಿಯಾಗುತ್ತ ಬಂದವು. ನಾನು ನನ್ನ ಕಿಟಕಿಯ ಪಕ್ಕ ಕೂತು, ಸೆಮಿಸ್ಟರಿಗೆ ಒಂದು ಪ್ರಶ್ನೆ ಕೇಳುತ್ತಿದ್ದೆ. ಹಮೀದ್ ಊರಿಗೆ ಹೋದ. ಫ್ಲ್ಯಾಟಿಗೆ ಹೊಸ ಮೂವರು ಬಂದರು.

ಅಕ್ಷತಾ, ತಪ್ಪು ನಿನ್ನಿಂದಲೂ ಆಗುತ್ತದೆ. ಕಡ್ಡಿ ಸರಿಯುತ್ತದೆ, ನಂಬರು ಅಳಿಸುತ್ತದೆ. ಆದ ದಿನವೇ ಹೇಳು. ನನ್ನ ತಪ್ಪನ್ನು ಆ ಹುಡುಗಿ ಫೋನಿನಲ್ಲೇ ಕ್ಷಮಿಸಿದ್ದಳು. ಆ ಹದಿನೆಂಟು ದಿನಗಳನ್ನು ಕ್ಷಮಿಸಲು ಅವಳಿಂದ ಆಗಲಿಲ್ಲ.

ನಾನು ಊರಿಗೆ ಹೊರಡುವ ವಾರ ಅವಳಿಗೆ ಮೆಸೇಜು ಹಾಕಿದೆ, ಒಮ್ಮೆ ನೋಡಬಹುದೇ ಎಂದು. ದುಬೈ ಇನ್ವೆಸ್ಟ್‌ಮೆಂಟ್ಸ್ ಪಾರ್ಕಿನಲ್ಲಿ ನೀರು ಪರೀಕ್ಷಿಸುವ ಒಂದು ಲ್ಯಾಬಿನಲ್ಲಿ ಕೆಲಸ ಮಾಡುತ್ತಿದ್ದಳು. ಮಧ್ಯಾಹ್ನ ಒಂದಕ್ಕೆ ಬರಲು ಹೇಳಿದಳು. ಗೋದಾಮುಗಳ ನಡುವಿನ ಬೀದಿ, ಲಾರಿಗಳ ಧೂಳು. ಅವಳು ಬಿಳಿ ಕೋಟಿನಲ್ಲೇ ಗೇಟಿನವರೆಗೆ ಬಂದಳು. ಸ್ವಲ್ಪ ದಪ್ಪಗಾಗಿದ್ದಳು, ಕನ್ನಡಕ ಬಂದಿತ್ತು. ಸೆಕ್ಯೂರಿಟಿಯವನ ಕೋಣೆಯ ನೆರಳಿನಲ್ಲಿ ನಿಂತೆವು.

“ನನ್ನಿಂದ ತಪ್ಪಾಯ್ತು ಮಗಾ,” ಎಂದೆ.

“ಸೀಟ್ ಹೋಗಿದ್ದಕ್ಕೆ ನಂಗೇನೂ ಕೋಪ ಇಲ್ಲ,” ಎಂದಳು ರಸ್ತೆಯ ಕಡೆ ನೋಡುತ್ತ. “ಅಮ್ಮ ಇನ್ನೂ ಕೇಳ್ತಿರ್ತಾರೆ. ಆ ಉಡುಪಿಯವರು ಹೇಗಿದಾರೆ, ಒಂದು ಶುಕ್ರವಾರ ಕರ್ಕೊಂಡ್ ಬಾ ಅಂತ. ನಾನು ಅವ್ರಿಗೆ ಹೇಳಿಲ್ಲ. ಮಷೀನ್ ಕೆಟ್ಟಿತ್ತು ಅಂತ ಅಷ್ಟೇ ಗೊತ್ತು ಅವ್ರಿಗೆ.”

“ಕೇಳಿದಾಗ ಎಂತ ಹೇಳ್ತಿ?”

“ಕೆಲಸ ಜಾಸ್ತಿ ಇದೆ ಅವ್ರಿಗೆ ಅಂತೀನಿ.” ಕನ್ನಡಕ ಸರಿಮಾಡಿಕೊಂಡು, “ಇನ್ಮೇಲೆ, ಊರಿಗೆ ಹೋದ್ರು ಅಂತ ಹೇಳ್ತೀನಿ. ಅದು ನಿಜಾನೇ ಅಲ್ವಾ?” ಎಂದಳು.

“ಹೌದು,” ಎಂದೆ.

ಒಳಗಿನಿಂದ ಯಾರೋ ಅವಳನ್ನು ಕರೆದರು. ಅವಳು ಬಗ್ಗಿ ನನ್ನ ಕಾಲು ಮುಟ್ಟಿದಳು, ನಾನು ಏನಾದರೂ ಹೇಳುವ ಮೊದಲೇ ಎದ್ದು ಒಳಗೆ ಹೋದಳು. ಸೆಕ್ಯೂರಿಟಿಯವನು, ಟ್ಯಾಕ್ಸಿ ಬೇಕಾ ಎಂದು ಕೇಳಿದ. ಬೇಡ, ಸ್ವಲ್ಪ ಹೊತ್ತು ಇಲ್ಲೇ ಕೂರುತ್ತೇನೆ ಎಂದೆ. ಅವನು ತನ್ನ ಕುರ್ಚಿಯನ್ನು ನನ್ನ ಕಡೆಗೆ ತಳ್ಳಿದ.